ಸಾಣೆ ಚಕ್ರದ ಮೋಟಾರು

ಹಳೆಯ ವಾಷಿಂಗ್ ಮೆಷಿನ್ನಿನಿಂದ ಬಿಚ್ಚಿ ತಂದ ಮೋಟಾರಿನಷ್ಟು ಹೇಸಿಗೆಯ ವಸ್ತು ಇನ್ನೊಂದಿಲ್ಲ. ಯಾರದೋ ಕೂದಲು, ಸೋಪಿನ ಲೋಳೆ, ನಡುವೆ ಸತ್ತ ಜಿರಲೆ, ಎಲ್ಲ ಒಣಗಿ ಹಕ್ಕಳೆಗಟ್ಟಿತ್ತು. ಮೈದುನ ಅದನ್ನು ತಂದು ನಮ್ಮ ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟ.

"ಅಮ್ಮನ ಸಾಣೆ ಚಕ್ರಕ್ಕೆ, ಅತ್ತಿಗೆ," ಎಂದ, ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ.

ಅತ್ತೆ ಹಿತ್ತಿಲಲ್ಲಿ ಕೂತು ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುತ್ತಾರೆ. ಚಕ್ರ ತುಳಿದು ತುಳಿದು ಮಂಡಿ ಸವೆದಿದೆ. ಕಲ್ಲಿನ ಮೇಲೆ ನೀರು ಹನಿಯುತ್ತಲೇ ಇರಬೇಕು, ಹಾಗಾಗಿ ಅವರ ಬರಿಗಾಲು ಸದಾ ಒದ್ದೆ. ಅಲ್ಲಿ ಕರೆಂಟು ಸೋರುವ ಮೋಟಾರು ಕೂರಿಸಿದರೆ ಅವರ ಕಥೆ ಮುಗಿದಂತೆ.

ಅದಕ್ಕೇ ನಮ್ಮಲ್ಲಿ ಯಾವ ಹಳೇ ಮೋಟಾರಿಗೂ ನೇರ ಕರೆಂಟು ಕೊಡುವುದಿಲ್ಲ. ಬಲ್ಬಿನ ಮೂಲಕ ಹಾದು ಬರುವ ಎರಡು ತಂತಿಗಳಲ್ಲಿ ಒಂದನ್ನು ಒಳಗಿನ ಸುರುಳಿಗೆ, ಇನ್ನೊಂದನ್ನು ಹೊರಮೈಗೆ ತಾಗಿಸುತ್ತೇವೆ. ಬಲ್ಬು ಹತ್ತಿದರೆ ಕರೆಂಟು ಹೊರಮೈಗೆ ಸೋರುತ್ತಿದೆ ಎಂದರ್ಥ, ಆ ಮೋಟಾರು ಗುಜರಿಗೆ.

ಮೈದುನ ಮುಖ ತಿರುಗಿಸಿ, ಎರಡೇ ಬೆರಳಲ್ಲಿ ತಂತಿ ಹಿಡಿದು ತಾಗಿಸಿದ. ಬಲ್ಬು ಹತ್ತಲಿಲ್ಲ. ಪಾಸಾಯಿತೆಂದು ಹಿತ್ತಿಲಿಗೆ ಒಯ್ದು ಬೆಲ್ಟು ಬಿಗಿದ. ನಾನು ಹೋಗಿ ನೋಡಿದರೆ ಮೋಟಾರಿನ ಮೇಲೆ ಆ ಹಕ್ಕಳೆ ಹಾಗೇ ಇದೆ!

"ಕೆರೆದು ತಾನೇ ಟೆಸ್ಟ್ ಮಾಡಿದ್ದು?"

"ಥೂ, ಅದನ್ನ ಯಾರು ಮುಟ್ತಾರೆ ಅತ್ತಿಗೆ?"

ಅತ್ತೆ ಆಗಲೇ ಸ್ವಿಚ್ಚಿಗೆ ಕೈ ಚಾಚಿದ್ದರು. ನಾನು ಪ್ಲಗ್ ಕಿತ್ತೆಸೆದೆ. ಬಲ್ಬಿನ ಬೋರ್ಡು ತಂದು, ಅತ್ತೆಯನ್ನು ದೂರ ಕೂರಿಸಿ, ಚಾಕುವಿನಿಂದ ಕೆರೆದೆ. ಜಿರಲೆಯ ಕಾಲು, ಕೂದಲಿನ ಉಂಡೆ ಉಗುರಿನ ಸಂದಿಗೆಲ್ಲ ಸೇರಿತು. ವಾಕರಿಕೆ ತಡೆದುಕೊಂಡು, ಕೈ ಒರೆಸಿ, ಹೊಳೆಯುವ ಕಬ್ಬಿಣಕ್ಕೆ ತಂತಿ ತಾಗಿಸಿದೆ.

ಬಲ್ಬು ಝಗ್ಗನೆ ಉರಿಯಿತು.

ಒಣಗಿದ ಹಕ್ಕಳೆ ಕರೆಂಟನ್ನು ತಡೆದಿತ್ತು; ಅವನು ಆಗ ಟೆಸ್ಟ್ ಮಾಡಿದ್ದು ಕೊಳೆಯನ್ನು, ಮೋಟಾರನ್ನಲ್ಲ. ಆ ಕೊಳೆಗಿಂತ ಅವನ ಇಸ್ತ್ರಿ ಮಾಡಿದ ಕರವಸ್ತ್ರವೇ ನನಗೆ ಹೆಚ್ಚು ಅಸಹ್ಯವಾಯಿತು. ಬಾಯಿಗೆ ಬಂದಂತೆ ಬೈಯಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ ಒದ್ದೆ ಕಾಲನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಮಗನ ಮುಖ ನೋಡಿದರು.

"ನಿನ್ನ ಕುಂಡಿ ತೊಳೆಯೋವಾಗ ನಾನೂ ಹೀಗೇ ಮೂಗು ಮುಚ್ಕೊಂಡು ಆಚೆ ನೋಡ್ತಿದ್ದೆ ಅಂದ್ಕೊಂಡ್ಯಾ?"

ಮೈದುನ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡ. ನನ್ನ ಕೈಯಿಂದ ಚಾಕು ತೆಗೆದುಕೊಂಡು, ಅದಕ್ಕೆ ಮೆತ್ತಿದ್ದ ಕೊಳೆಯನ್ನು ಬರಿಗೈಯಲ್ಲೇ ತೊಳೆಯತೊಡಗಿದ.