ಮುಳ್ಳು ನೋಡುವವಳು

ಬ್ಯಾಟರಿಯಿಂದ ಎಳೆದ ತಂತಿ ತಾಗಿದ್ದೇ ತಡ, ರೇಡಿಯೇಟರಿನ ಮುಂದಿದ್ದ ಪುಟ್ಟ ಫ್ಯಾನು ಗುಂಯ್ ಎಂದು ತಿರುಗಿತು. ಮೆಕ್ಯಾನಿಕ್ ತಂತಿ ತೆಗೆದ, ನಿಂತಿತು. ಮತ್ತೆ ತಾಗಿಸಿದ, ಮತ್ತೆ ತಿರುಗಿತು.

“ಅಕ್ಕ, ಫ್ಯಾನಿಗೆ ಏನೂ ಆಗಿಲ್ಲ. ಗಟ್ಟಿಮುಟ್ಟಾಗಿದೆ.”

ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದ ಅವಳು ನಂಬಲಿಲ್ಲ. ಎಂಜಿನ್ ತಣಿಸಬೇಕಾದ ಆ ಫ್ಯಾನು ದಾರಿಯಲ್ಲಿ ಒಮ್ಮೆಯೂ ತಿರುಗಿದ್ದನ್ನು ಅವಳು ಕಂಡಿರಲಿಲ್ಲ. ಒಳಗೆ ನಡುಮನೆಯಲ್ಲಿ ಗಂಡನನ್ನು ಮಲಗಿಸಿದ್ದರು. ಶವದ ವ್ಯಾನು ಬರುವ ಹೊತ್ತಾಗಿತ್ತು. ಸ್ಮಶಾನ ಇರುವುದು ಗುಡ್ಡದ ಮೇಲೆ, ಹೋಗುವುದು ನಡಿಗೆಯ ವೇಗದಲ್ಲಿ. ಅಷ್ಟು ನಿಧಾನಕ್ಕೆ ಹೋದರೆ ಎದುರುಗಾಳಿ ಸಿಗದೆ ಈ ಹಳೇ ಸ್ಪೋರ್ಟ್ಸ್ ಕಾರು ಕೊತಕೊತ ಕುದಿಯುತ್ತದೆಂದು ಇಡೀ ಬಳಗಕ್ಕೆ ಗೊತ್ತು. ಆದರೂ ಅವನ ಹಿಂದೆ ಇದರಲ್ಲೇ ಹೋಗಬೇಕೆಂಬುದು ಅವಳ ಹಟ. ಬೆಳಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಮೈದುನ ಇಣುಕಿದ. “ಅತ್ತಿಗೆ, ಸುಮ್ನೆ ನಮ್ ಜೊತೆ ಬನ್ನಿ. ಭಾನುವಾರ ಭಾನುವಾರ ಟೆಸ್ಟ್ ಮಾಡಿ ಮಾಡಿ ಒಂದು ಫ್ಯಾನ್ ಸರಿ ಮಾಡೋಕಾಗ್ಲಿಲ್ಲ ಅಣ್ಣಂಗೆ. ಇವತ್ತು ನಡುದಾರೀಲಿ ಇದು ಹೊಗೆಯಾಡಿದ್ರೆ ಜನ ಏನಂತಾರೆ?”

ಕನ್ನಡಕದಂಗಡಿಯಲ್ಲಿ ಕೂತು ಕೂದಲೆಳೆಯಷ್ಟೂ ತಪ್ಪದಂತೆ ಗಾಜು ಉಜ್ಜಿದವನು ಕೈಲಾಗದವನೆನಿಸಿಕೊಂಡು ಹೋಗುವುದೇ?

“ಇನ್ನೊಂದ್ಸಲ ನೋಡಪ್ಪ,” ಎಂದಳು ಮೆಕ್ಯಾನಿಕ್‌ಗೆ.

* * *

ಗುಜರಿಯಿಂದ ಈ ಕಾರನ್ನು ಎಳೆದು ತಂದ ದಿನ ಅತ್ತೆ ಹಣೆ ಚಚ್ಚಿಕೊಂಡಿದ್ದರು. “ಮನೆ ತುಂಬ ಜನ ಇಟ್ಕೊಂಡು ಎರಡೇ ಸೀಟಿನ ಕಾರು ತಂದಿದೀಯಲ್ಲೋ! ಯಾರನ್ನ ಕೂರಿಸ್ತೀಯ?”

“ರಿಪೇರಿ ಮಾಡಿ ಮಾರ್ತೀನಮ್ಮ,” ಎಂದಿದ್ದ ಅವನು.

ಎರಡು ಕೋಣೆಯ ಮನೆ. ಅತ್ತೆ, ಮೈದುನ, ಮದುವೆಗಿದ್ದ ನಾದಿನಿ. ಗಂಡ ಹೆಂಡತಿ ಪಿಸುಗುಟ್ಟಿದರೂ ಬೆಳಗ್ಗೆ ತಿಂಡಿಯ ಹೊತ್ತಿಗೆ ಎಲ್ಲರೂ ಅದಕ್ಕೆ ಉತ್ತರ ಕೊಡುತ್ತಿದ್ದರು. ಒಂದು ಭಾನುವಾರ ಅವನು ತಲೆ ಕೆರೆದುಕೊಳ್ಳುತ್ತ ತಾಯಿಯ ಮುಂದೆ ನಿಂತ.

“ಅಮ್ಮ, ಎಕ್ಸ್‌ಟ್ರಾ ಫ್ಯಾನ್ ಟೆಸ್ಟ್ ಮಾಡ್ಬೇಕು. ನಾನು ರಸ್ತೆ ನೋಡ್ಬೇಕಲ್ಲ, ಬಿಸಿ ತೋರ್ಸೋ ಮುಳ್ಳು ನೋಡೋಕೆ ಒಬ್ರು ಬೇಕು.”

“ಇವಳನ್ನೇ ಕರ್ಕೊಂಡು ಹೋಗು. ನನ್ನ ಕಣ್ಣಿಗೆ ಮುಳ್ಳು ಎಲ್ಲಿ ಕಾಣ್ಸುತ್ತೆ!”

ಗುಡ್ಡದ ತಿರುವಿಗೆ ಬರುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು. “ಬಿಸಿ ಆಯ್ತು ಕಣ್ರೀ!” ಎಂದು ಚೀರಿದಳು. ಎಂಜಿನ್ ತಣಿಯುವವರೆಗೆ ಇಬ್ಬರೂ ರಸ್ತೆಬದಿಯ ಮೋಟುಗೋಡೆಯ ಮೇಲೆ ಕೂತು ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಟೀ ಕುಡಿದರು. ಅವಳು ಮನಸ್ಸು ಬಿಚ್ಚಿ ಮಾತಾಡಿದಳು. ಅವನು ಮುಗಿಯುವವರೆಗೂ ಕೇಳಿದ. ಮುಂದಿನ ಭಾನುವಾರವೂ ಫ್ಯಾನು ತಿರುಗಲಿಲ್ಲ. ಮಕ್ಕಳಾಗುವುದಿಲ್ಲವೆಂದು ಡಾಕ್ಟರು ಹೇಳಿದಾಗ ಅವಳು ಅತ್ತದ್ದು ಆ ಗೋಡೆಯ ಮೇಲೆಯೇ.

ನಾದಿನಿಗೆ ಮದುವೆಯಾಯಿತು, ಅತ್ತೆ ಹೋದರು, ಮೈದುನ ಬೇರೆ ಮನೆ ಮಾಡಿದ, ಮನೆ ಬಣಗುಟ್ಟಿತು. ಆಗಲೂ ಶನಿವಾರ ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಲೇ ಕೇಳುವನು: “ನಾಳೆ ಮುಳ್ಳು ನೋಡ್ತೀಯಾ?” ಬೇರೆ ಥರ ಕೇಳುವುದು ಅವನಿಗೆ ಕೊನೆಗೂ ಬರಲಿಲ್ಲ.

* * *

“ಅಕ್ಕ, ಇಲ್ಲಿ ಬನ್ನಿ.” ಕಾರಿನಡಿಯಿಂದ ಮೆಕ್ಯಾನಿಕ್ ಕರೆದ. “ಫ್ಯಾನಿಗೆ ಹೋಗೋ ಪ್ಲಗ್ಗೇ ಬಿಚ್ಚಿದೆ. ತಾನಾಗಿ ಕಳಚಿದ್ದಲ್ಲ. ಯಾರೋ ಬಿಚ್ಚಿ, ನೀರು ಹೋಗ್ದಂಗೆ ಟೇಪ್ ಸುತ್ತಿಟ್ಟಿದ್ದಾರೆ.”

ಅವಳು ಬಗ್ಗಿ ನೋಡಿದಳು. ಕಪ್ಪು ಟೇಪಿನ ತುದಿಯನ್ನು ಒಳಕ್ಕೆ ಪುಟ್ಟದಾಗಿ ಮಡಚಲಾಗಿತ್ತು. ಅವಳ ಅಡುಗೆಮನೆಯ ಸಕ್ಕರೆ ಪೊಟ್ಟಣದ ಮೇಲೂ ಅದೇ ಮಡಿಕೆ. ಮುಂದಿನ ಸಲ ಬಿಚ್ಚುವಾಗ ಉಗುರಿಗೆ ಸಿಗಲೆಂದು ಅವನು ಎಲ್ಲ ಟೇಪನ್ನೂ ಹಾಗೆಯೇ ಅಂಟಿಸುತ್ತಿದ್ದ.

ಅವಳಿಗೆ ನಗು ಬಂತು. ನಗುನಗುತ್ತಲೇ ದುಃಖ ಒತ್ತರಿಸಿತು.

“ಕೇಳಿದ್ರೆ ಸಾಕಿತ್ತಲ್ಲ,” ಎಂದಳು. “ಫ್ಯಾನ್ ಸರಿ ಇದ್ರೂ ನಾನು ಬರ್ತಿದ್ದೆ.”

ಈ ಮಾತನ್ನು ಹೇಳಬೇಕಾದವನು ಗೋಡೆಯಾಚೆಗೇ ಇದ್ದ. ಓಡಿಹೋಗಿ ಹೇಳಿಬಿಡಬೇಕೆನಿಸಿತು. ಅಲ್ಲಿ ಮಲಗಿದ್ದವನಿಗೆ ಇನ್ನು ಯಾವ ಮಾತೂ ಕೇಳುವಂತಿರಲಿಲ್ಲ.

ಮೆಕ್ಯಾನಿಕ್ ಪ್ಲಗ್ ಸೇರಿಸಿ ಎಂಜಿನ್ ಬಿಸಿ ಮಾಡಿದ. ಫ್ಯಾನು ತಾನಾಗಿಯೇ ತಿರುಗಿತು. ಕೀ ತೆಗೆದ ಮೇಲೂ ನಿಲ್ಲಲಿಲ್ಲ.

“ಗಾಬರಿ ಆಗ್ಬೇಡಿ ಅಕ್ಕ. ಎಂಜಿನ್ ನಿಂತ್ರೂ ಬಿಸಿ ಇರೋವರೆಗೂ ಇದು ತಿರುಗುತ್ತೆ.”

ವ್ಯಾನಿನ ಹಿಂದೆ ಕಾರು ಗುಡ್ಡ ಹತ್ತಿತು. ಮೆಕ್ಯಾನಿಕ್ ಓಡಿಸುತ್ತಿದ್ದ. ಅವಳು ರೂಢಿಯಂತೆ ಮುಳ್ಳು ನೋಡುತ್ತ ಕೂತಳು. ಅದು ಏರಿತು, ಫ್ಯಾನು ಗುಂಯ್ ಎಂದಿತು, ಮುಳ್ಳು ಇಳಿದು ನಡುವೆ ನಿಂತಿತು. ಮೋಟುಗೋಡೆಯ ಆ ತಿರುವು ಬಂತು.

“ನಿಲ್ಸಪ್ಪ.”

“ಬಿಸಿ ಆಗಿಲ್ವಲ್ಲ ಅಕ್ಕ?”

“ನಿಲ್ಸು.”

ಮುಂದೆ ವ್ಯಾನೂ ನಿಂತಿತು. ಮೈದುನ ಏದುಸಿರು ಬಿಡುತ್ತ ಬಂದ. “ನಾನ್ ಹೇಳ್ಲಿಲ್ವಾ ಅತ್ತಿಗೆ? ಬಿಸಿ ಆಯ್ತು ತಾನೆ?”

ಮೆಕ್ಯಾನಿಕ್ ಅವಳ ಮುಖ ನೋಡಿ, ಎಂಜಿನ್ ನಿಲ್ಲಿಸಿ ಕೀ ತೆಗೆದ.

“ಹೂಂ ಕಣಪ್ಪ, ಬಿಸಿ ಆಗಿದೆ,” ಎಂದಳು ಅವಳು. “ತಣಿಯೋವರೆಗೂ ಕೂತಿರ್ತೀವಿ.”

ಮೋಟುಗೋಡೆಯ ಮೇಲೆ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತಳು. ಕಾರಿನ ಕೀ ಮೆಕ್ಯಾನಿಕ್‌ನ ಕೈಯಲ್ಲಿತ್ತು. ಬಾನೆಟ್ಟಿನೊಳಗೆ ಫ್ಯಾನು ಇನ್ನೂ ತಿರುಗುತ್ತಿತ್ತು.