ಮೂವತ್ತೊಂದನೆಯ ಚೀಟಿ

ತಪ್ಪು ನನ್ನದೇ. ಪೊಲೀಸರದಲ್ಲ, ಸಮಿತಿಯದಲ್ಲ, ನನ್ನ ತಮ್ಮನದಂತೂ ಅಲ್ಲವೇ ಅಲ್ಲ. ಮೈಕು ಕೈಗೆ ಸಿಕ್ಕರೆ ಬಾಯಿ ಮುಚ್ಚಿಕೊಂಡು ಕೂರಲು ಬಾರದವಳು ನಾನು.

ನಾನು ಹಲ್ಲು ಕಟ್ಟುವವಳು. ಇಪ್ಪತ್ತೆರಡು ವರ್ಷದಿಂದ ಒಂದೇ ಲ್ಯಾಬಿನಲ್ಲಿ ಕೂತು, ಮುಖ ಕೂಡ ನೋಡಿರದ ಜನರಿಗೆ ನಗು ಜೋಡಿಸುತ್ತಿದ್ದೇನೆ. ಸೆಟ್ಟನ್ನು ಗಟ್ಟಿ ಮಾಡುವ ಮೊದಲು ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಡಾಕ್ಟರ ಹತ್ತಿರ ಕಳಿಸಬೇಕು. ಅವರು ಅದನ್ನು ರೋಗಿಯ ಬಾಯಲ್ಲಿಟ್ಟು, ಕಚ್ಚಿಸಿ, ನಗಿಸಿ ನೋಡಿ, ಒಪ್ಪಿಗೆಯಾದರೆ ವಾಪಸ್ ಕಳಿಸುತ್ತಾರೆ. ಲ್ಯಾಬಿರುವುದು ರೈಲು ಹಳಿಯ ಈಚೆ, ಕ್ಲಿನಿಕ್ಕುಗಳೆಲ್ಲ ಆಚೆ. ನಡುವಿನ ಸೇತುವೆ ದಾಟಿಸುವವನು ನನ್ನ ತಮ್ಮ, ಅವನ ಸ್ಕೂಟರು, ಸ್ಕೂಟರಿನ ಹಿಂದೆ ಕಟ್ಟಿದ ತಗಡಿನ ಡಬ್ಬಿ.

ಮೇಣಕ್ಕೆ ಬಿಸಿಲೆಂದರೆ ಆಗದು. ಐದು ನಿಮಿಷ ಹೇಗೋ ತಡೆದುಕೊಳ್ಳುತ್ತದೆ. ಇಪ್ಪತ್ತು ನಿಮಿಷವಾದರೆ, ನಾನು ಕಣ್ಣಲ್ಲಿ ಕಣ್ಣಿಟ್ಟು ಸಾಲಾಗಿ ನಿಲ್ಲಿಸಿದ ಹಲ್ಲುಗಳು ಬಸ್ಸಿಗೆ ಕಾದು ಬೇಸತ್ತ ಜನರ ಹಾಗೆ ಒಂದೊಂದು ದಿಕ್ಕಿಗೆ ವಾಲಿಕೊಳ್ಳುತ್ತವೆ. ಒಮ್ಮೆ ದಾರಿಯಲ್ಲಿ ಸ್ಕೂಟರು ಕೆಟ್ಟು ಹಾಗೆ ಒಂದು ಸೆಟ್ಟು ಹಾಳಾಗಿ ಬಂದಾಗಲೇ ಲ್ಯಾಬಿನ ಯಜಮಾನರು ನನ್ನನ್ನು ಕರೆದು ಹೇಳಿದ್ದರು: “ಇನ್ನೆರಡು ಸಲ ಹೀಗಾದ್ರೆ ನಿನ್ನ ತಮ್ಮನಿಗೆ ಬೇರೆ ಕೆಲಸ ನೋಡ್ಕೊಳೋಕೆ ಹೇಳಮ್ಮ.”

ಸೇತುವೆ ಇಳಿದ ಕೂಡಲೇ ಇರುವ ತಿರುವಿನಲ್ಲಿ ಒಬ್ಬ ಪೇದೆ ನಿಲ್ಲುತ್ತಾರೆ. ಆಚೆಯ ಜನರಿಗೆ ಕೈ ಬೀಸುತ್ತಾರೆ, ಈಚೆಯಿಂದ ಹೋದವರಿಗೆ ಕೈ ಅಡ್ಡ ಹಿಡಿಯುತ್ತಾರೆ. ತಮ್ಮನನ್ನು ವಾರಕ್ಕೆ ಮೂರು ಸಲವಾದರೂ ನಿಲ್ಲಿಸುತ್ತಿದ್ದರು. ಲೈಸೆನ್ಸು ಸರಿ, ಹೆಲ್ಮೆಟ್ಟು ಸರಿ, ಲೈಟು ಸರಿ. “ಸುಮ್ನೆ ಚೆಕಿಂಗು” ಎಂದು ಡಬ್ಬಿ ಬಿಚ್ಚಿಸಿ, ಸೆಟ್ಟುಗಳನ್ನು ಸೀಟಿನ ಮೇಲೆ ಹರಡಿಸಿ, ಐದು ನಿಮಿಷಕ್ಕೆ ಬಿಟ್ಟುಬಿಡುತ್ತಿದ್ದರು. ತಮ್ಮನಿಗೆ ನಲವತ್ತು, ಮೀಸೆ ನರೆತಿದೆ. ಅವನ ಮಗಳ ಶಾಲೆಯ ಬಸ್ಸು ಅದೇ ತಿರುವಿನಲ್ಲಿ ಹಾದುಹೋಗುತ್ತದೆ. ಬಸ್ಸು ಬರುವ ಹೊತ್ತಿಗೆ ಅವನು ಕಳಚಿದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಳ್ಳುತ್ತಿದ್ದ ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ.

ಅಷ್ಟರಲ್ಲಿ ನಮ್ಮ ಬೀದಿಯಲ್ಲೊಂದು ಪೋಸ್ಟರು ಬಂತು. “ವಾಹನ ತಡೆ ನೀತಿಯ ಸುಧಾರಣೆ: ನಿಮ್ಮ ಸಲಹೆಯೇ ನಮಗೆ ಬೆಳಕು.” ಅಂಟಿಸಿದ್ದು ಎರಡು ವರ್ಷದಿಂದ ಉರಿಯದ ದೀಪದ ಕಂಬಕ್ಕೆ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

“ಬೇಡ ಬಿಡಕ್ಕಾ,” ಎಂದ ತಮ್ಮ. “ಐದು ನಿಮಿಷದ ವಿಷಯ. ಕೆದಕೋಕೆ ಹೋದ್ರೆ ದೊಡ್ಡದಾಗುತ್ತೆ.”

“ನಿನ್ನಂಥ ಬಾಯಿಸತ್ತವರಿಂದಲೇ ಅವರು ಹೀಗಾಡೋದು,” ಎಂದು ಅವನನ್ನೇ ಗದರಿಸಿ ಹೋದೆ.

ಗ್ರಂಥಾಲಯದ ಮಹಡಿಯಲ್ಲಿ ಸಭೆ. ಸಮಿತಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಅವರು ನಕ್ಕ ತಕ್ಷಣ ಗೊತ್ತಾಯಿತು, ಮೇಲಿನ ಸಾಲು ನನ್ನದೇ ಕೈಕೆಲಸ. ತಲೆಗೆ ಎರಡು ನಿಮಿಷ ಕೊಟ್ಟಿದ್ದರು. ಒಬ್ಬರು ಪಕ್ಕದ ಮನೆಯವರ ಕಾರಿನ ಬಗ್ಗೆ ಮಾತಾಡಿದರು, ಇನ್ನೊಬ್ಬರು ಸ್ವಂತ ಕವನ ಓದಿದರು. ನಾನು ಎದ್ದು ನಿಂತೆ.

“ನಿಲ್ಲಿಸಲೇಬೇಡಿ ಅನ್ನಲ್ಲ. ಯಾಕೆ ನಿಲ್ಲಿಸಿದ್ರಿ ಅಂತ ಕಾರಣ ಹೇಳಿ. ಬಾಯಲ್ಲಲ್ಲ, ಬರೆದುಕೊಡಿ. ಬರೆಯೋಕೆ ಕಾರಣ ಇಲ್ವಾ? ಹಾಗಾದ್ರೆ ಬಿಟ್ಬಿಡಿ.”

ಚಪ್ಪಾಳೆಯೋ ಚಪ್ಪಾಳೆ. ಕವನ ಓದಿದವರೂ ತಟ್ಟಿದರು. ಅಧ್ಯಕ್ಷರು ನನ್ನ ಮಾತನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದದ್ದನ್ನು ಕಣ್ಣಾರೆ ಕಂಡೆ. ಮನೆಗೆ ನಡೆದೇ ಬಂದೆ, ಆದರೆ ಕಾಲು ನೆಲ ಮುಟ್ಟಿದ ನೆನಪಿಲ್ಲ.

ಒಂದು ತಿಂಗಳಿಗೆ ಹೊಸ ನಿಯಮ ಜಾರಿಯಾಯಿತು. ತಡೆದ ಪ್ರತಿಯೊಬ್ಬರಿಗೂ ಲಿಖಿತ ಚೀಟಿ. ಚೀಟಿಯೆಂದರೆ ಎರಡು ಪುಟ, ಮೂವತ್ತನಾಲ್ಕು ಪ್ರಶ್ನೆ, ಕಾರ್ಬನ್ ಇಟ್ಟು ಮೂರು ಪ್ರತಿ. ಪೇದೆಯ ಅಕ್ಷರ ಮುತ್ತಿನಂತೆ ಇತ್ತು, ಬರವಣಿಗೆಯೂ ಮುತ್ತು ಪೋಣಿಸಿದಷ್ಟೇ ನಿಧಾನ. ಕೊನೆಯ ಪ್ರಶ್ನೆಯನ್ನು ತಡೆಯಲ್ಪಟ್ಟವರೇ ತುಂಬಬೇಕು: “ಈ ತಡೆ ನಿಮಗೆ ತೃಪ್ತಿಕರವಾಗಿತ್ತೇ, ಬಹಳ ತೃಪ್ತಿಕರವಾಗಿತ್ತೇ?” ಎಲ್ಲ ಮುಗಿಯುವಾಗ ಇಪ್ಪತ್ತೈದು ನಿಮಿಷ. ಅಷ್ಟೂ ಹೊತ್ತು ಹಲ್ಲುಗಳು ಸೀಟಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು.

ಮೊದಲ ಚೀಟಿಯ ಕಾರಣ: ಡಬ್ಬಿ ಅನುಮಾನಾಸ್ಪದ. ಎರಡನೆಯದು: ನಿಧಾನವಾಗಿ ಬಂದದ್ದು. ಮೂರನೆಯದು: ಬೇಗ ಬಂದದ್ದು. ಏಳರಲ್ಲಿ ಪೊಲೀಸರತ್ತ ನೋಡಿದ್ದು, ಎಂಟರಲ್ಲಿ ನೋಡದೇ ಇದ್ದದ್ದು. “ಏನ್ಮಾಡೋದು, ಜಾಗ ಖಾಲಿ ಬಿಡಬಾರ್ದು ಅಂತ ಆರ್ಡರ್ರು,” ಎಂದು ಪೇದೆ ಪಾಪ ಬೇಸರದಿಂದಲೇ ಹೇಳುತ್ತಿದ್ದರಂತೆ. ಹತ್ತನೆಯ ಚೀಟಿಯ ದಿನ ಎರಡನೆಯ ಸೆಟ್ಟು ಹಾಳಾಯಿತು. ಅದಕ್ಕೆ ಮೊದಲೂ ಆಮೇಲೂ ಮೋಡವಿದ್ದ ದಿನ, ಬರೀ ಗಟ್ಟಿ ಸೆಟ್ಟು ಹೊತ್ತ ದಿನ ಬಚಾವಾದೆವು. ಮಿಕ್ಕ ದಿನ ನಾನು ಮೇಣವನ್ನು ಫ್ರಿಜ್ಜಿನಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಕಂಡ ದೇವರಿಗೆಲ್ಲ ಕೈ ಮುಗಿದು ಕಳಿಸುತ್ತಿದ್ದೆ. ತಮ್ಮ ಒಂದು ದಿನವೂ “ನಾನು ಹೇಳಿರಲಿಲ್ವಾ” ಎನ್ನಲಿಲ್ಲ. ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮೂವತ್ತೊಂದನೆಯ ಚೀಟಿ ಬಂದ ದಿನ ಮೂರನೆಯ ಸೆಟ್ಟೂ ಕರಗಿತು. ಯಜಮಾನರು ಕೊಟ್ಟ ಮಾತಿಗೆ ತಪ್ಪುವವರಲ್ಲ. ತಮ್ಮ ಡಬ್ಬಿಯ ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟು ಮನೆಗೆ ಹೋದ.

ಆ ವಾರವೇ ಎರಡನೆಯ ಸಭೆ. ಸುಧಾರಣೆ ಅಮೋಘ ಯಶಸ್ಸು ಎಂದು ವರದಿ ಓದಿದರು: ಕಾರಣವಿಲ್ಲದ ತಡೆ ಒಂದೂ ಇಲ್ಲ, ತೃಪ್ತರಾದವರು ನೂರಕ್ಕೆ ನೂರು. ನಾನು ಚೀಟಿ ಹಿಡಿದು ಎದ್ದೆ.

“ಇದು ನನ್ನ ತಮ್ಮನಿಗೆ ಕೊಟ್ಟಿದ್ದು ಸಾರ್. ಕಾರಣ ಓದ್ತೀನಿ ಕೇಳಿ: ‘ಈ ವ್ಯಕ್ತಿಯನ್ನು ಹಿಂದೆ ಮೂವತ್ತು ಬಾರಿ ತಡೆದ ದಾಖಲೆ ಇರುವುದರಿಂದ.’”

ಅಧ್ಯಕ್ಷರು ಚೀಟಿ ತರಿಸಿಕೊಂಡು, ಕನ್ನಡಕ ಏರಿಸಿ, ಎರಡೂ ಪುಟ ಓದಿದರು.

“ಚೀಟಿ ಕೊಟ್ರು ತಾನೆ?”

“ಕೊಟ್ರು.”

“ಕಾರಣ ಬರೆದಿದೆ ತಾನೆ?”

“ಬರೆದಿದೆ.”

“ಸುಳ್ಳಾ?”

“ಸುಳ್ಳಲ್ಲ,” ಎಂದೆ.

“ಮತ್ತೆ ನೀವು ಕೇಳಿದ್ದು ಇದನ್ನೇ ಅಲ್ವಾ ತಾಯಿ?” ಎಂದು ಅವರು ನಕ್ಕರು. ನಾನೇ ಒಂದೊಂದಾಗಿ ಜೋಡಿಸಿದ ಹಲ್ಲುಗಳು, ಒಂದೂ ವಾಲಿರಲಿಲ್ಲ. ಜನ ಮತ್ತೆ ಚಪ್ಪಾಳೆ ತಟ್ಟಿದರು. ನಾನು ಕೂತೆ.

ಈಗ ಮೇಣದ ಸೆಟ್ಟುಗಳನ್ನು ನಾನೇ ತರಕಾರಿ ಚೀಲದಲ್ಲಿಟ್ಟುಕೊಂಡು, ಕೊಡೆ ಹಿಡಿದು, ಸೇತುವೆ ದಾಟುತ್ತೇನೆ. ನರೆತ ತಲೆಯ ಹೆಂಗಸಿನ ಚೀಲದಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ. ತಮ್ಮ ಮನೆಯಲ್ಲಿದ್ದಾನೆ. ಅರ್ಜಿ ಹಾಕಿದಲ್ಲೆಲ್ಲ ಪೊಲೀಸ್ ದಾಖಲೆ ನೋಡುತ್ತಾರೆ, ಅವನ ಹೆಸರಿನ ಮುಂದೆ ಮೂವತ್ತೊಂದು ಕಾರಣಗಳು ಮುತ್ತಿನಂಥ ಅಕ್ಷರದಲ್ಲಿ ಕೂತಿವೆ.

ನಿನ್ನೆ ತಿರುವಿನಲ್ಲಿ ಆ ಪೇದೆ ನನ್ನನ್ನು ಗುರುತು ಹಿಡಿದು, ಮರ್ಯಾದೆಯಿಂದ ಕೈ ಮುಗಿದರು.

“ಸಲಹೆ ಕೊಟ್ಟ ಅಮ್ಮ ಅಲ್ವಾ ನೀವು? ನಿಮ್ಮ ತಮ್ಮ ಈಚೆಗೆ ಕಾಣ್ತಾನೇ ಇಲ್ವಲ್ಲ. ಏನು ಕಾರಣ?”

ಚೀಲವನ್ನು ನೆರಳಿನಲ್ಲಿಟ್ಟು ಅವರ ಮುಖ ನೋಡಿದೆ. ನಿಜವಾಗಿಯೂ ಕೇಳುತ್ತಿದ್ದರು.

“ಬರೆದುಕೊಡ್ಲಾ?” ಎಂದೆ.

ಅವರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು.