ಗುರುವಾರದ ನೀರು

ಪ್ರತಿಮಾಳಿಗೆ ಸುಮ್ಮನೆ ಕೂರುವುದು ಬರುತ್ತಿರಲಿಲ್ಲ. ಸಾಗರದಲ್ಲಿ ಒಂದು, ಹೊಸನಗರದಲ್ಲಿ ಒಂದು, ತೀರ್ಥಹಳ್ಳಿಯಲ್ಲಿ ಒಂದು, ಹೀಗೆ ಮೂರು ಊರಿನಲ್ಲಿ ಅವಳ ಅಂಗಡಿಗಳಿದ್ದವು. ನಲ್ಲಿ, ಪೈಪು, ಸಿಂಕು, ಬಚ್ಚಲ ಟೈಲ್ಸು. ಈ ಸುತ್ತಿನಲ್ಲಿ ಎಲ್ಲಿ ಹೊಸ ಮನೆ ಎದ್ದರೂ ಅಲ್ಲಿ ಮೊದಲ ನೀರು ತನ್ನ ಅಂಗಡಿಯ ನಲ್ಲಿಯಿಂದಲೇ ಬೀಳಬೇಕು ಅನ್ನುವುದು ಅವಳ ಹಟ. ಹಟಕ್ಕೆ ಕಾರಣವೂ ಇತ್ತು. ಅಪ್ಪ ಸುಬ್ಬಪ್ಪ ಗೇಣಿದಾರನ ಮಗ. ಗದ್ದೆ ಸ್ವಂತದ್ದಾಗಿ ಎಷ್ಟೋ ವರ್ಷವಾದ ಮೇಲೂ ಮನೆಗೆ ನೀರು ಬರುತ್ತಿದ್ದದ್ದು ಪ್ರತಿಮಾಳ ಸೊಂಟದ ಮೇಲೆಯೇ. ಗುಡ್ಡದ ಬುಡದ ಒರತೆಯಿಂದ ಕೊಡ ಹೊತ್ತು ಹತ್ತುವಾಗ ಅವಳು ಕಾಣುತ್ತಿದ್ದ ಕನಸಿನಲ್ಲಿ ರಾಜಕುಮಾರನೂ ಇರಲಿಲ್ಲ, ಅರಮನೆಯೂ ಇರಲಿಲ್ಲ; ಗೋಡೆಯಲ್ಲಿ ಹೊಳೆಯುವ ಒಂದು ನಲ್ಲಿ ಇರುತ್ತಿತ್ತು.

ಈಗ ನಲವತ್ತೇಳಕ್ಕೆ ಅವಳಿಗೆ ಹೆಸರಿತ್ತು, ಕಾರಿತ್ತು, ಮಾತಿಗೆ ಬೆಲೆಯಿತ್ತು. ಗಂಡ ಗಣೇಶ್ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಹೆಚ್ಚು ಮಾತಿನವನಲ್ಲ. ಒಮ್ಮೆ ಯಾರೋ ನೆಂಟರು, "ಪ್ರತಿಮಾ ಆರಾಮಾಗಿದಾಳಾ?" ಎಂದು ಕೇಳಿದ್ದಕ್ಕೆ ಅವನು ಯೋಚಿಸಿ, "ಆರಾಮು ಅನ್ನೋದು ಅವಳ ಲಿಸ್ಟಲ್ಲಿದೆ, ಇನ್ನೂ ಅಲ್ಲೀವರೆಗೆ ಬಂದಿಲ್ಲ" ಅಂದಿದ್ದ. ಅವಳು ನಕ್ಕಿದ್ದಳು. ಆ ಮಾತು ಮಾತ್ರ ಎರಡು ದಿನ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಉಳಿದಿತ್ತು.

ಗುರುವಾರ ಅವಳು ಸಾಗರ ಬಿಟ್ಟು ಹೊಸನಗರ, ತೀರ್ಥಹಳ್ಳಿ ಅಂಗಡಿಗಳನ್ನು ನೋಡಿ ಬರುವ ದಿನ. ಸೆಪ್ಟೆಂಬರಿನ ಅಂಥದೊಂದು ಗುರುವಾರ, ಪಟಗುಪ್ಪ ಸೇತುವೆ ದಾಟಿ ಸ್ವಲ್ಪ ದೂರದಲ್ಲಿ ದೊಡ್ಡದೊಂದು ಮತ್ತಿಮರ ರಸ್ತೆಗೆ ಅಡ್ಡ ಬಿದ್ದಿತ್ತು. ಮರ ಕಡಿಯುವವರು ಬರಬೇಕು, ತಾಸೆರಡು ತಾಸು ಆದೀತು ಎಂದರು. ಫೋನಿಗೆ ಸಿಗ್ನಲ್ ಇರಲಿಲ್ಲ. ಕಾರಿನಲ್ಲಿ ಕೂತು ಚಡಪಡಿಸಿ, ಕಡೆಗೆ ಅವಳು ಇಳಿದು, ಕಾಲುದಾರಿಯೊಂದನ್ನು ಹಿಡಿದು ಹಿನ್ನೀರಿನ ದಡಕ್ಕೆ ಬಂದಳು.

ದಡದಲ್ಲಿ ಮರದ ಬೊಡ್ಡೆ ಕೊರೆದು ಮಾಡಿದ ಕಿರಿದಾದ ದೋಣಿ. ಅದರೊಳಗೆ ಕತ್ತಿ, ಹಗ್ಗ ಇಡುತ್ತಿದ್ದ ಮುದುಕಿಯೊಬ್ಬಳು ತಲೆ ಎತ್ತಿ ನೋಡಿದಳು. ಅರವತ್ತೈದರ ಮೇಲಿನ ವಯಸ್ಸು, ತೆಳ್ಳಗೆ ಗಟ್ಟಿ ಮೈ.

"ರಸ್ತೆ ಕಟ್ಟಿದ್ಯಂತಲ್ಲ" ಅಂದಳು ಅವಳು. "ನಾ ಆಚೆ ನಡುಗಡ್ಡೆಗೆ ಹುಲ್ಲಿಗೆ ಹೋಗ್ತೀನಿ. ಬರೋದಾದ್ರೆ ಕೂತ್ಕಳಿ. ಇಲ್ಲಿ ನಿಂತು ಎಂತ ಮಾಡ್ತೀರಿ?"

ಯಾಕೆ ಹ್ಞೂಂ ಅಂದಳೋ ಪ್ರತಿಮಾಳಿಗೇ ಗೊತ್ತಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿ ಕೂತಳು. ದೋಣಿ ಒಮ್ಮೆ ಓಲಾಡಿ, ಇವಳ ಭಾರವನ್ನು ಒಪ್ಪಿಕೊಂಡಿತು.

ಮುದುಕಿಯ ಹೆಸರು ಕೆರಿಯಮ್ಮ. ಅವಳು ಹುಟ್ಟು ಹಾಕುವ ರೀತಿಯಲ್ಲಿ ಶಬ್ದವೇ ಇರಲಿಲ್ಲ. ದಡ ತಾನಾಗಿಯೇ ಹಿಂದೆ ಸರಿಯುತ್ತಿದೆ ಅನ್ನಿಸಿತು. ಮೋಡ ಮೇಲೂ ಇತ್ತು, ಕೆಳಗೂ ಇತ್ತು. ಎರಡು ಮೋಡದ ನಡುವೆ ದೋಣಿ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಒಣಮರಗಳು ಅಲ್ಲಲ್ಲಿ ತಲೆ ಎತ್ತಿ ನಿಂತಿದ್ದವು. ಒಂದೊಂದರ ತುದಿಯಲ್ಲೂ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿತ್ತು. ಪ್ರತಿಮಾ ಕೈಯನ್ನು ನೀರಿಗೆ ಇಳಿಬಿಟ್ಟಳು. ಬೆರಳುಗಳ ನಡುವೆ ತಂಪು ಹರಿದು ಹೋಗುತ್ತಿತ್ತು. ಅವಳ ಜೀವಮಾನದಲ್ಲಿ ನೀರು ಅಂದರೆ ಹೊರುವುದು, ಇಲ್ಲವೇ ಮಾರುವುದು. ತನ್ನನ್ನು ಹೊತ್ತುಕೊಂಡ ನೀರನ್ನು ಅವಳು ನೋಡಿದ್ದು ಅದೇ ಮೊದಲು.

ಕೆರಿಯಮ್ಮ ನಡುಗಡ್ಡೆಯಲ್ಲಿ ಹುಲ್ಲು ಕೊಯ್ದಳು. ಇವಳು ಬಂಡೆಯ ಮೇಲೆ ಕೂತು ನೋಡುತ್ತಾ ಇದ್ದಳು. ಏನು ನೋಡಿದಳೆಂದು ಆಮೇಲೆ ನೆನಪಿಗೆ ಬರಲಿಲ್ಲ. ವಾಪಸು ರಸ್ತೆಗೆ ಬಂದಾಗ ಮರ ಕಡಿದು ಬದಿಗೆ ಸರಿಸಿ ಎಷ್ಟೋ ಹೊತ್ತಾಗಿತ್ತು. ಇವಳ ಕಾರೊಂದೇ ಅಲ್ಲಿ ನಿಂತಿತ್ತು.

ಆ ಸಂಜೆ ಗಣೇಶ್ ಕಾಫಿ ಕೊಡುತ್ತಾ, "ತೀರ್ಥಹಳ್ಳಿಲಿ ಎಂತ ಆಯ್ತು?" ಎಂದು ಕೇಳಿದ.

"ಹೋಗ್ಲಿಲ್ಲ. ಇವತ್ತು ಎಂತೂ ಮಾಡ್ಲಿಲ್ಲ" ಅಂದಳು.

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಇನ್ನೊಂದು ಪ್ರಶ್ನೆ ಕೇಳಿದರೆ ಅಲ್ಲಿ ಕೂತಿದ್ದ ನೆಮ್ಮದಿ ಎಲ್ಲಿ ಹಾರಿಹೋದೀತೋ ಅನ್ನುವ ಹಾಗೆ ಮೆಲ್ಲಗೆ ಒಳಗೆ ಹೋದ.

ಮುಂದಿನ ಗುರುವಾರ ಮರ ಬಿದ್ದಿರಲಿಲ್ಲ, ಆದರೂ ಅವಳು ಕಾರು ನಿಲ್ಲಿಸಿದಳು. ಅದರ ಮುಂದಿನ ಗುರುವಾರವೂ ನಿಲ್ಲಿಸಿದಳು. ಕೆರಿಯಮ್ಮ ಹುಟ್ಟನ್ನು ಇವಳ ಕೈಗೆ ಕೊಟ್ಟಾಗ ದೋಣಿ ಇದ್ದಲ್ಲೇ ಗರಗರ ತಿರುಗಿತು. ಕೆರಿಯಮ್ಮ ಮುಂದಿನೆರಡು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

"ನೀರನ್ನ ಹೊಡಿಬ್ಯಾಡಿ, ಅದೆಂತ ತಪ್ಪು ಮಾಡಿದ್ದು? ಮೆಲ್ಲಗೆ ಹಿಂದೆ ತಳ್ಳಿ, ಸಾಕು."

ದೀಪಾವಳಿಯ ಹೊತ್ತಿಗೆ ದೋಣಿ ಪ್ರತಿಮಾ ಹೇಳಿದ ಕಡೆಗೆ ಹೋಗುತ್ತಿತ್ತು. ಅಂಗೈಯಲ್ಲಿ ಬೊಬ್ಬೆಗಳೆದ್ದು, ಒಡೆದು, ಗಟ್ಟಿಯಾದವು. ಅಂಗಡಿಯಲ್ಲಿ ಅವಳ ದನಿ ಇಳಿದಿದೆ ಎಂದು ಕೆಲಸದವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಗುರುವಾರ ಎಲ್ಲಿಗೆ ಹೋಗುತ್ತೇನೆಂದು ಅವಳು ಮನೆಯಲ್ಲಿ ಹೇಳಲಿಲ್ಲ, ಗಣೇಶ್ ಕೇಳಲಿಲ್ಲ.

ಡಿಸೆಂಬರಿನ ಒಂದು ಮುಂಜಾನೆ ನೀರಿನ ಮೇಲೆ ಮಂಜು ಬೆಳ್ಳಗೆ ಮಲಗಿತ್ತು. ದೋಣಿಯ ಮೂತಿಯೂ ಕಾಣುತ್ತಿರಲಿಲ್ಲ. ಬಿಸಿಲು ಏರಿದ ಹಾಗೆ ಮಂಜು ನಿಧಾನಕ್ಕೆ ಎದ್ದು, ದಡದ ಮಟ್ಟಸವಾದ ಕೆಮ್ಮಣ್ಣಿನ ಜಾಗ ಕಣ್ಣಿಗೆ ಬಿತ್ತು. ಇಪ್ಪತ್ತು ಕಾರು ನಿಲ್ಲಿಸಬಹುದು, ಅಂದುಕೊಂಡಳು ಪ್ರತಿಮಾ. ಯೋಚನೆ ಕರೆಯದೆ ಬಂದಿತ್ತು. ಅದರ ಬಾಲ ಹಿಡಿದು ಇನ್ನೊಂದು ಬಂತು: ಹನ್ನೆರಡು ದೋಣಿ, ಒಂದು ಕ್ಯಾಂಟೀನು. ಅವಳಿಗೆ ಸಂತೋಷವೇ ಆಯಿತು. ಈ ಸಂತೋಷವೂ ಸುಮ್ಮನೆ ತೇಲುವ ಸಂತೋಷವೂ ಎದೆಯ ಒಂದೇ ಮೂಲೆಯಲ್ಲಿ ಹುಟ್ಟುತ್ತಿದ್ದರಿಂದ ಎರಡರ ವ್ಯತ್ಯಾಸ ಅವಳಿಗೆ ಆಗ ತಿಳಿಯಲಿಲ್ಲ.

ಹಿಡಿದ ಕೆಲಸ ಬಿಡುವವಳಲ್ಲ. ಜಾಗ ಗುತ್ತಿಗೆಗೆ ಪಡೆದಳು, ಪರವಾನಗಿ ತಂದಳು. ತೀರ್ಥಹಳ್ಳಿ ಕಡೆಯ ಕವನಾ ಎಂಬ ಇಪ್ಪತ್ತೆಂಟರ ಹುಡುಗಿ, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು, ಮ್ಯಾನೇಜರಾಗಿ ಬಂದಳು. ಮರುವರ್ಷದ ದಸರಾ ರಜೆಯ ಹೊತ್ತಿಗೆ ದಡದಲ್ಲಿ ಹಳದಿ ಬಣ್ಣದ ಹನ್ನೆರಡು ದೋಣಿಗಳು ಸಾಲಾಗಿ ನಿಂತಿದ್ದವು. ಫೋಟೋ ತೆಗೆಸಿಕೊಳ್ಳಲು ಹೃದಯದ ಆಕಾರದ ಕಮಾನು ಬಂತು. ಕೆರಿಯಮ್ಮನ ದೋಣಿಯನ್ನು ಅವಳು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಕೊಂಡು, ಗೇಟಿನ ಬಳಿ ಇಟ್ಟು, ಒಳಗೆ ಮಣ್ಣು ತುಂಬಿ ಹೂವಿನ ಗಿಡ ನೆಟ್ಟರು. ಕೆರಿಯಮ್ಮನಿಗೂ ಕೆಲಸವಾಯಿತು. ಬಂದವರಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸುವುದು.

ಜನ ಬಂದರು. ಶಿವಮೊಗ್ಗದಿಂದ, ಬೆಂಗಳೂರಿನಿಂದ ಬಂದರು. ತಾಳಗುಪ್ಪ ರೈಲಿಗೆ ಬಂದು ಸಾಗರದಲ್ಲಿ ಇಳಿದವರು ಆಟೋದವರ ಹತ್ತಿರ ಈ ಜಾಗದ ಹೆಸರು ಹಿಡಿದೇ ಕೇಳತೊಡಗಿದರು. ಸಾಗರದ ಒಂದು ಸಂಘ ಅವಳಿಗೆ ಶಾಲು ಹೊದೆಸಿತು.

ಫೆಬ್ರುವರಿಯ ಒಂದು ಗುರುವಾರ, ಜನ ಕಡಿಮೆ ಇದ್ದ ಮಧ್ಯಾಹ್ನ, ಪ್ರತಿಮಾ ಒಂದು ಹಳದಿ ದೋಣಿ ಹತ್ತಿ ಒಬ್ಬಳೇ ಹೊರಟಳು. ನೀರು ಅದೇ. ಒಣಮರಗಳೂ ಅವೇ, ನೀರುಕಾಗೆಗಳೂ ಅವೇ. ಆದರೆ ಕಣ್ಣು ಕೇಳಲಿಲ್ಲ. ಕ್ಯಾಂಟೀನಿನ ತಗಡು ಒಂದು ಕಡೆ ಎದ್ದದ್ದು ಕಂಡಿತು. ತೇಲುತ್ತಿದ್ದ ಚಿಪ್ಸ್ ಪೊಟ್ಟಣ ಕಂಡಿತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಟವರಿಗಾಗಿ ಓಡಾಡಿ ಸಿಗ್ನಲ್ ತರಿಸಿದವಳು ಅವಳೇ. ಹತ್ತು ನಿಮಿಷಕ್ಕೆ ದಡಕ್ಕೆ ಮರಳಿದಳು. ಯಾರೋ ತನ್ನ ಮನೆಯ ಒಳಕೋಣೆಯನ್ನು ತೆರೆದು ಅಂಗಡಿ ಮಾಡಿದ ಹಾಗೆ ಆಗಿತ್ತು, ಮತ್ತು ಆ ಯಾರೋ ತಾನೇ.

ಕೆರಿಯಮ್ಮ ದಡದ ಮರವೊಂದರ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದಳು. ಪ್ರತಿಮಾ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು.

"ಕೆರಿಯಮ್ಮ, ನಾನು ತಪ್ಪು ಮಾಡಿದೆ. ನಿಮ್ಮ ದೋಣಿ ಕಿತ್ಕೊಂಡು ಹೂಕುಂಡ ಮಾಡ್ಬಿಟ್ಟೆ. ನಿಮ್ಮ ನೀರಲ್ಲಿ ಸಂತೆ ಕೂರಿಸಿದೆ."

ಕೆರಿಯಮ್ಮ ಮೆಲ್ಲುವುದನ್ನು ನಿಲ್ಲಿಸಿ ಇವಳನ್ನು ಕಕ್ಕಾಬಿಕ್ಕಿಯಾಗಿ ನೋಡಿದಳು.

"ಯಾರು ಹೇಳಿದ್ರು ಹಾಂಗಂತ?"

"ಯಾರೂ ಹೇಳ್ಲಿಲ್ಲ. ನಿಮಗೆ ಬೇಜಾರಿಲ್ವಾ?"

"ಎಂತ ಬೇಜಾರು? ಆ ದೋಣೀಲಿ ನಲವತ್ತು ವರ್ಷ ಹುಲ್ಲು ಹೊತ್ತಿದೀನಿ. ಮಳೇಲಿ ಬೆನ್ನು ಸೆಟ್ಕೊಂಡು ಹೋಗ್ತಿತ್ತು. ಮಗನ್ನ ಹೆರೋ ಹಿಂದಿನ ದಿನನೂ ಹೋಗಿದ್ದೆ. ಈಗ ನೆರಳಲ್ಲಿ ಕೂತಿರ್ತೀನಿ, ಒಂದನೇ ತಾರೀಕು ಸಂಬಳ ಬರ್ತದೆ, ಮಕ್ಕಳು ಅಜ್ಜಿ ಅಜ್ಜಿ ಅಂತಾವೆ. ಹೋದ ತಿಂಗಳು ಕಣ್ಣಿನ ಆಪರೇಷನ್ ಮಾಡಿಸ್ಕಂಡೆ. ನಂಗೆಂತ ಬೇಜಾರು?" ಕೆರಿಯಮ್ಮ ಎಲೆಯನ್ನು ದವಡೆಯ ಇನ್ನೊಂದು ಕಡೆಗೆ ಸರಿಸಿಕೊಂಡಳು. "ನಿಮಗೆ ಅದು ಚಂದ ಕಂಡಿದ್ದು ನೀವು ಹುಲ್ಲು ಕೊಯ್ಯೋದಿರ್ಲಿಲ್ಲ, ಅದ್ಕೆ."

ಪ್ರತಿಮಾಳಿಗೆ ನಗು ಬಂತು. ಮುದುಕಿಯ ಸುಖವನ್ನು ತಾನು ಕಸಿದೆ ಎಂದು ಒಳಗೊಳಗೇ ಕೊರಗಿದ್ದೆಲ್ಲ ಒಂದು ರೀತಿಯ ಜಂಬವೇ ಆಗಿತ್ತಲ್ಲ ಅನ್ನಿಸಿತು.

"ಹಾಗಾದ್ರೆ ಕಳ್ಕೊಂಡವಳು ನಾನೊಬ್ಬಳೇ" ಅಂದಳು.

"ಕಳ್ಕಳದು ಎಂತದು? ನೀರು ಅಲ್ಲಿಂದ ಇಲ್ಲೀವರೆಗೂ ಅದೆ. ಇಲ್ಲೇ ಆಗ್ಬೇಕು ಅಂತ ಎಂತಕ್ಕೆ ಹಟ?" ಅಂದ ಕೆರಿಯಮ್ಮ, ಕಾರಿನಿಂದ ಇಳಿದ ಒಂದು ಸಂಸಾರವನ್ನು ನೋಡಿ, ಜಾಕೆಟ್ ತೆಗೆದುಕೊಂಡು ಚುರುಕಾಗಿ ಎದ್ದು ಹೋದಳು.

ಏಪ್ರಿಲಿನಲ್ಲಿ ಹಿನ್ನೀರು ಇಳಿದು ದಡದಿಂದ ದೂರ ಸರಿಯಿತು. ಆ ಬಿಡುವಿನಲ್ಲಿ ಪ್ರತಿಮಾ ಕವನಾಳನ್ನು ಕರೆದು, ಇನ್ನು ಮೇಲೆ ಇದು ನಿನ್ನದೂ ಹೌದು, ನಡೆಸುವವಳು ನೀನೇ, ನಾನು ದಾರಿಗೆ ಅಡ್ಡ ಬರುವುದಿಲ್ಲ ಎಂದು ಹೇಳಿ ಪಾಲುದಾರಳನ್ನಾಗಿ ಮಾಡಿದಳು. ಕೆರಿಯಮ್ಮನ ಕೆಲಸ ಅವಳು ಬೇಡವೆನ್ನುವ ತನಕ ಇರಬೇಕೆಂದು ಕಾಗದದಲ್ಲೇ ಬರೆಸಿದಳು. ಕವನಾಳ ಕಣ್ಣು ತುಂಬಿ ಬಂತು. ಮರುಗಳಿಗೆಯೇ ಅವಳು ಲ್ಯಾಪ್‌ಟಾಪ್ ತೆರೆದು, ತೇಲುವ ಕೋಣೆಗಳ ನಕ್ಷೆ ತೋರಿಸತೊಡಗಿದಳು. ಕೆನ್ನೆ ಕೆಂಪಾಗಿತ್ತು, ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಆ ವಯಸ್ಸಿನಲ್ಲಿ ಮೊದಲ ಅಂಗಡಿಯ ಬಾಗಿಲು ತೆಗೆದ ದಿನ ತನ್ನ ಮುಖವೂ ಹೀಗೇ ಇದ್ದಿರಬೇಕು. ಪ್ರತಿಮಾಳಿಗೆ ಅವಳಿಗೊಂದು ಮಾತು ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಆ ಹುಡುಗಿ ಆಗ ನಿಜಕ್ಕೂ ಸಂತೋಷವಾಗಿದ್ದಳು.

ಮಳೆಗಾಲ ಕಳೆದು ನೀರು ಮತ್ತೆ ತುಂಬಿತು. ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ ಪ್ರತಿಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಶಾಲೆಗೆ ರಜೆ ಹಾಕ್ತೀರಾ?" ಎಂದು ಕೇಳಿದಳು.

"ಎಂತಕ್ಕೆ?"

"ಎಂತಕ್ಕೂ ಅಲ್ಲ."

ಗಣೇಶ್ ರಜೆ ಹಾಕಿದ.

ಹೊಸನಗರದ ಕಡೆಗೆ ಇನ್ನೂ ಮೇಲೆ, ಬೋರ್ಡು ಬೇಲಿ ಏನೂ ಇಲ್ಲದ ಒಂದು ತಿರುವಿನಲ್ಲಿ ಮೀನುಗಾರನೊಬ್ಬನಿಂದ ದೋಣಿ ಕೇಳಿ ಪಡೆದರು. ಗಣೇಶನನ್ನು ಎದುರಿಗೆ ಕೂರಿಸಿ ಅವಳು ಹುಟ್ಟು ಹಾಕಿದಳು. ಅವಳ ಕೈ ಇಷ್ಟು ಹದವಾಗಿ ಹೋಗುವುದನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು.

"ಇದನ್ನ ಯಾವಾಗ ಕಲ್ತೆ?"

"ಗುರುವಾರ ಗುರುವಾರ."

ಅವನು ಚೀಲದಿಂದ ಸ್ಕೆಚ್ ಪುಸ್ತಕ ತೆಗೆದ. ಒಂದಿಷ್ಟು ಗೀಚಿದ, ನಿಲ್ಲಿಸಿದ, ಮುಚ್ಚಿ ಪಕ್ಕಕ್ಕಿಟ್ಟ. ಮೋಡದ ನೆರಳು ನೀರಿನ ಮೇಲೆ ದನ ಮೇಯುವ ಹಾಗೆ ಸಾವಕಾಶವಾಗಿ ಸಾಗಿತ್ತು. ಎದುರು ದಡದ ಹುಲ್ಲುಗಾವಲು ಕಂಡಾಗ ಪ್ರತಿಮಾಳ ತಲೆಯಲ್ಲಿ ಟೆಂಟುಗಳು ಒಂದೊಂದಾಗಿ ಏಳತೊಡಗಿದವು. ಅವಳು ಅವನ್ನು ಓಡಿಸಲು ಹೋಗಲಿಲ್ಲ, ಕೂರಿಸಿ ಉಪಚಾರವನ್ನೂ ಮಾಡಲಿಲ್ಲ. ಐದಾರು ಎದ್ದು, ತಾವಾಗಿಯೇ ಮಸುಕಾಗಿ, ಹುಲ್ಲು ಮಾತ್ರ ಉಳಿಯಿತು. ಮುಂದಿನ ವಾರ ಮತ್ತೆ ಏಳುತ್ತವೆ ಅನ್ನುವುದೂ ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಎಷ್ಟು ತಳ್ಳಿದರೂ ಬಂದ ದಡ ಹತ್ತಿರವಾಗದೆ, ಕಡೆಗೆ ಗಾಳಿ ಒಯ್ದ ಕಡೆಗೇ ಹೋಗಿ ಇಳಿದರು. ಗದ್ದೆಯ ಅಂಚು ಹತ್ತಿ ಹೋದರೆ ಒಂದು ಹೆಂಚಿನ ಮನೆ. ಅಂಗಳದಲ್ಲಿ ಚಪ್ಪರದಿಂದ ಸೌತೆಕಾಯಿ ಕೊಯ್ಯುತ್ತಿದ್ದ ಹೆಂಗಸು, ಯಮುನಮ್ಮ ಅಂತೆ, ಅಲೆಯ ನೀರು ಎರಚಿ ಒದ್ದೆಯಾದ ಇಬ್ಬರ ಬಟ್ಟೆ ನೋಡಿ ಜಗಲಿಯಲ್ಲಿ ಚಾಪೆ ಹಾಸಿದಳು.

"ಯಾವ ಕಡೆಯವ್ರು? ಎಂತ ಕೆಲಸದ ಮೇಲೆ ಬಂದಿದ್ದು?"

"ಇಲ್ಲೇ, ಸಾಗರ. ಕೆಲಸ ಎಂತೂ ಇಲ್ಲ" ಅಂದಳು ಪ್ರತಿಮಾ.

"ಹಂಗಾರೆ ಗಾಳಿ ಇಳಿಯೋ ತನಕ ಕೂತ್ಕಳಿ."

ಅವಳು ಎಳೆ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಉಪ್ಪು ಖಾರ ಸವರಿ ತಂದಿಟ್ಟಳು. ಗಣೇಶ್ ಒಂದು ಹೋಳನ್ನು ಪ್ರತಿಮಾಳ ಕಡೆ ಸರಿಸಿದ. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂತು. ಗದ್ದೆಯ ಹಸಿರು ಒಂದು ತುದಿಯಿಂದ ಇನ್ನೊಂದು ತುದಿಗೆ ಬಾಗಿ ಏಳುತ್ತಿತ್ತು. ಗಾಳಿ ಇಳಿಯುವ ಲಕ್ಷಣ ಇನ್ನೂ ಇರಲಿಲ್ಲ.